ನಮ್ಮ ಗಣಿಯ ಹಿಂಬಾಗಿಲ ಮೇಲೆ ಕುಳಿತ ಕರಡಿಯವರಿಗೆ

ಮಾನ್ಯ ಕರಡಿಯವರೇ,

ಉಗುರು ಸಮೇತ ತಮ್ಮ ನಾಲ್ಕೂ ಪಾದಗಳಿಗೆ ಸ್ಟಾಲ್ನೇಕರ್ ಮನೆಯ ಸೊಸೆ ವಿಲೆಟ್ಟಾಳ ವಂದನೆಗಳು. ಇತ್ತ ಊರಿನಲ್ಲಿ ನಾವೆಲ್ಲರೂ ಚೆನ್ನಾಗಿಯೇ ಉಸಿರಾಡುತ್ತಿದ್ದೇವೆ. ಗಣಿಯೊಳಗಿರುವವರು ಮಾತ್ರ ಅದಕ್ಕೆ ತಮ್ಮ ಅಪ್ಪಣೆಯನ್ನು ಕಾಯುತ್ತಿದ್ದಾರೆ.

ತಾವು ದಿನವೂ ಬೆನ್ನು ಉಜ್ಜಿಕೊಳ್ಳುವ, ಗುಲಾಬಿ ರಿಬ್ಬನ್ ಕಟ್ಟಿದ ಗೂಟಗಳನ್ನು ತಮ್ಮ ಬೆನ್ನಿಗಾಗಿ ನೆಟ್ಟದ್ದಲ್ಲ ಎಂದು ಹೇಳಲು ನನಗೆ ಸಂಕೋಚವಾಗುತ್ತದೆ. ಅವುಗಳ ನೇರ ಕೆಳಗೆ, ಬೆಟ್ಟದ ಹೊಟ್ಟೆಯಲ್ಲಿ, ನನ್ನ ಗಂಡ ಡಾರ್ಸಿ ಮತ್ತು ಅವನ ಪಾಳಿಯವರು ಕಲ್ಲಿದ್ದಲು ತೆಗೆಯುತ್ತಾರೆ. ಆ ಮೂಲೆಗೆ ಗಾಳಿ ಸಾಲದೆ ಅವನು ಸಂಜೆ ತಲೆ ಹಿಡಿದುಕೊಂಡೇ ಮನೆಗೆ ಬರುತ್ತಾನೆ. ಚಾವಣಿ ಕುಸಿದರೆ ಹೊರಗೆ ಬರಲು ಇರುವುದು ಮೂರು ಮೈಲಿ ಹಿಂದಿನ ಗಣಿಯ ಬಾಯಿಯೊಂದೇ. ಆದ್ದರಿಂದ ಗಾಳಿ ಇಳಿಯಲಿ, ಆಪತ್ತು ಬಂದರೆ ಮನುಷ್ಯರು ಹತ್ತಲಿ ಎಂದು ತಾವು ಕುಳಿತ, ಆ ಗೂಟಗಳು ಗುರುತು ಮಾಡಿದ ಜಾಗದಲ್ಲಿ ಒಂದು ಬಾವಿ ಕೊರೆಯಬೇಕಾಗಿದೆ. ಮೇಲಿನದು ಸರ್ಕಾರಿ ಕಾಡಾದ್ದರಿಂದ ಅರಣ್ಯ ಕಚೇರಿಯ ಒಪ್ಪಿಗೆ ಬೇಕು.

ಮಣ್ಣು, ನೀರು, ಬಾವಲಿ ಎಲ್ಲದರ ಪರೀಕ್ಷೆ ಮುಗಿದು, ಅಗ್ನಿಶಾಮಕ ಠಾಣೆಯಲ್ಲಿ ನಡೆದ ಸಾರ್ವಜನಿಕ ಸಭೆಯಲ್ಲಿ ಬಸವನಹುಳುಗಳ ಪರವಾಗಿಯೂ ಒಬ್ಬರು ಕಣ್ಣೀರು ಹಾಕಿ, ಇನ್ನೇನು ಸಹಿ ಬೀಳಬೇಕು ಎನ್ನುವಾಗ ತಾವು ಬಂದು ಕುಳಿತಿರಿ. ಕಿಟಕಿಯೂ ಇಲ್ಲದ, ಬಾಗಿಲು ಒಂದೇ ಇರುವ ಆ ಮರದ ಕಚೇರಿಯಲ್ಲಿ ನನ್ನನ್ನು ಅರ್ಧ ದಿನ ಕೂರಿಸಿದ ಅರಣ್ಯಾಧಿಕಾರಿ ಪ್ರಿಚೆಟ್ ಅವರು, "ಕರಡಿ ಅಲ್ಲಿ ಬೀಡು ಬಿಟ್ಟಿದೆ ಕಣಮ್ಮ, ತಾನಾಗಿ ಎದ್ದು ಹೋಗೋ ತನಕ ಯಂತ್ರ ತರೋ ಹಾಗಿಲ್ಲ" ಎಂದರು. "ಕೆಳಗೂ ಜನ ಇದಾರಲ್ಲ ಸಾರ್" ಎಂದದ್ದಕ್ಕೆ, "ಕೆಳಗಿನದು ನಮ್ಮ ಇಲಾಖೆಗೆ ಬರಲ್ಲಮ್ಮ" ಎಂದರು.

ತಮ್ಮ ಪ್ರಭಾವಕ್ಕೆ ನಾನು ತಲೆಬಾಗುತ್ತೇನೆ. ಗಣಿ ಕಂಪನಿಯ ವಕೀಲರು ಕೋಟು ಹಾಕಿಕೊಂಡು ಹೋದರೂ ಅಲುಗದ ಕಚೇರಿಯನ್ನು ತಾವು ಕೇವಲ ಕುಳಿತು ಅಲುಗಾಡಿಸಿದ್ದೀರಿ. ಮುಂದಿನ ಚುನಾವಣೆಗೆ ತಾವು ನಿಲ್ಲುವುದಾದರೆ ನನ್ನ ಮತ ತಮಗೇ.

ಆದರೆ ಅಂದು ಪ್ರಿಚೆಟ್ ಅವರು ಮರಕ್ಕೆ ಕಟ್ಟಿದ ಕ್ಯಾಮೆರಾ ತೆಗೆದ ತಮ್ಮ ಚಿತ್ರವೊಂದನ್ನು ತೋರಿಸಿದರು. "ಈ ಕಾಡಲ್ಲಿ ಇಷ್ಟು ದಪ್ಪ ಕರಡಿ ನಾನು ನೋಡೇ ಇಲ್ಲ, ಏನು ತಿನ್ನುತ್ತೋ ದೇವರಿಗೇ ಗೊತ್ತು" ಎಂದು ಬೆರಗಾದರು. ದೇವರಿಗಷ್ಟೇ ಅಲ್ಲ, ಆ ಕ್ಷಣದಿಂದ ನನಗೂ ಗೊತ್ತಾಯಿತು. ತಮ್ಮ ಮೂತಿಗೆ ಅಂಟಿಕೊಂಡಿದ್ದದ್ದು ನನ್ನ ಅಡುಗೆಮನೆಯ ನೀಲಿ ಚೌಕಳಿಯ ಬಟ್ಟೆ. ನಾನು ಚಿತ್ರ ಹಿಂದಿರುಗಿಸಿ ಎದ್ದು ಬಂದೆ.

ಒಳಗೆ ಸಿಕ್ಕಿಬಿದ್ದರೆ ಇರಲಿ ಎಂದು ಇಲ್ಲಿನ ಹೆಂಗಸರೆಲ್ಲ ಗಂಡಂದಿರ ಬುತ್ತಿಯಲ್ಲಿ ಒಂದು ಹೊತ್ತಿನ ಊಟ ಹೆಚ್ಚಿಗೆ ಇಡುತ್ತೇವೆ. ನಾನು ಇಡುವುದು ಆ ನೀಲಿ ಬಟ್ಟೆಯಲ್ಲಿ ಕಟ್ಟಿದ, ಖಾರದ ಸಾಸೇಜ್ ತುಂಬಿದ ಬನ್ನು. ಗಣಿಗಿಳಿದ ಆ ಬುತ್ತಿ ಮನೆಗೆ ವಾಪಸು ಬಂದರೆ ಅಪಶಕುನ ಎಂಬುದು ಸತ್ತುಹೋದ ನನ್ನ ಅತ್ತೆಯ ಕಟ್ಟಪ್ಪಣೆ, ಮತ್ತು ಅದನ್ನು ಪಾಳಿಯವರೆಲ್ಲ ನಂಬಿಬಿಟ್ಟಿದ್ದಾರೆ; ಹಾಗಾಗಿ ಉಳಿದದ್ದನ್ನು ಮನೆಗೆ ಬರುವ ದಾರಿಯಲ್ಲೇ ಎಸೆದು ಬರುತ್ತಾರೆ.

"ಅಲ್ಲಯ್ಯಾ, ಎಲ್ಲಾ ಬಿಟ್ಟು ಆ ಗೂಟದ ಹತ್ರಾನೇ ಹಾಕ್ಬೇಕಿತ್ತಾ?" ಎಂದು ಅಂದು ಸಂಜೆ ಗಂಡನನ್ನು ಕೇಳಿದೆ.

ಡಾರ್ಸಿ ಬೂಟಿನ ದಾರ ಬಿಚ್ಚುತ್ತಾ, "ದಿನಾ ಸಂಜೆ ಗಾಡಿ ನಿಲ್ಸಿ ನೋಡ್ತೀವಿ ಕಣೇ, ಕೊರೆಯೋ ಯಂತ್ರ ಬಂತಾ ಅಂತ. ಬಂದಿರಲ್ಲ. ಕರಡಿ ಬಂದಿರುತ್ತೆ" ಎಂದ.

ಹೀಗೆ ಎರಡನೆಯ ದಾರಿ ಇಲ್ಲವೆಂದು ನಾನು ಬನ್ನು ಕಟ್ಟುತ್ತೇನೆ, ಬನ್ನು ಬರುತ್ತದೆಂದು ತಾವು ಏಳುವುದಿಲ್ಲ, ತಾವು ಏಳುವುದಿಲ್ಲವೆಂದು ದಾರಿ ಬರುವುದಿಲ್ಲ. ಕಟ್ಟುವುದನ್ನು ನಿಲ್ಲಿಸಿ ಎನ್ನಬೇಡಿ. ನನಗೆ ಭಯವಾಗುತ್ತದೆ. ಅವನ ಗಾಡಿಯ ಸದ್ದು ಕೇಳುವವರೆಗೆ ನಾನು ಒಲೆಯ ಮುಂದಿನಿಂದ ಕದಲುವುದಿಲ್ಲ.

ಆದ್ದರಿಂದ ತಾವು ದಯಮಾಡಿ ಒಂದು ಬೆಟ್ಟ ಆಚೆಗೆ ಸರಿದು, ಒಪ್ಪಿಗೆ ಪತ್ರಕ್ಕೆ ಪಂಜಾ ಒತ್ತಿ, ಅಷ್ಟರವರೆಗೆ ಕೆಳಗಿನ ಚಾವಣಿಗೂ ಬೀಳದಿರುವಂತೆ ಒಂದು ಮಾತು ಹೇಳಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ ಮತ್ತು ಅಡುಗೆಯವಳು,
ವಿಲೆಟ್ಟಾ ಸ್ಟಾಲ್ನೇಕರ್

ತಾ.ಕ.: ಪಾಳಿಯವರೆಲ್ಲ ಒಪ್ಪಿದ್ದಾರೆ. ಸೋಮವಾರದಿಂದ ತಮ್ಮ ಬನ್ನುಗಳು ಗೂಟಗಳ ಹತ್ತಿರ ಬೀಳುವುದಿಲ್ಲ. ಅರಣ್ಯ ಕಚೇರಿಯ ಮೆಟ್ಟಿಲ ಮೇಲೆ, ಬಾಗಿಲಿಗೆ ಒರಗಿಸಿ ಇಟ್ಟಿರುತ್ತೇವೆ. ಪ್ರಿಚೆಟ್ ಅವರು ಒಳಗೆ ಹೋಗಿ ಕುಳಿತ ಮೇಲೆಯೇ ಬನ್ನಿ, ಆತುರವಿಲ್ಲದೆ ಊಟ ಮಾಡಿ, ತಾವಾಗಿ ಏಳಬೇಕೆನಿಸಿದಾಗ ಏಳಿ. ಹಿಂಬಾಗಿಲು ಬೇಕೆಂದು ಅವರು ಒಳಗಿನಿಂದ ಕೂಗಿದರೆ, ಅರ್ಜಿ ಬರೆಯಲು ಹೇಳಿ.