ಅವ್ವನ ಹಿಟ್ಟು, ಮಗಳ ಗಾಳ

ಮಕ್ಕಳನ್ನು ಕರೆದುಕೊಂಡು ಗಾಳ ಹಾಕಲು ಹೋಗುವವನಿಗೆ ಮೀನು ಸಿಗದಿರಬಹುದು, ಎದೆ ಧಸಕ್ಕೆನ್ನುವ ಪ್ರಸಂಗಗಳಿಗೆ ಮಾತ್ರ ಬರವಿಲ್ಲ. ನಮ್ಮದು ಮೊಟ್ಟೆಯೂ ಹೊಸ್ತಿಲು ದಾಟದ ಮನೆ. ಬೈರಿದೇವರಕೊಪ್ಪದಲ್ಲಿ ನಮ್ಮ ಪಕ್ಕದ ಮನೆಯ ಮೆಕ್ಯಾನಿಕ್ ಕಾಕಾ ಪ್ರತಿ ರವಿವಾರ ಮೊಮ್ಮಗಳೊಂದಿಗೆ ಕೆಲಗೇರಿ ಕೆರೆಗೆ ಹೋಗುವುದನ್ನು ಕಂಡು ನನ್ನ ಮಗಳೂ ಹಟ ಹಿಡಿದಳು. ಹೊರಟೆವು. ನನ್ನ ಅವ್ವನಿಗೆ ಗೊತ್ತಾದರೆ ಮಗಳ ರವಿವಾರವೂ ಹೋಯಿತು, ನನ್ನ ಊಟವೂ ಹೋಯಿತು.

ಹುಳ

"ಸಣ್ಣ ಮಕ್ಕಳಿಗೆ ಎರಿಹುಳಾನ ಛಲೋರಿ," ಎಂದರು ಕಾಕಾ. ಮಗಳು ಹುಳ ಚುಚ್ಚಲು ಬಿಡಲೇ ಇಲ್ಲ. "ಅದಕ್ಕೂ ಅವ್ವ ಇರತಾಳಪ್ಪಾ," ಎಂದು ಅತ್ತು, ಹುಳವನ್ನು ಮಣ್ಣಿನ ಸಮೇತ ಡಬ್ಬಿಯಲ್ಲಿಟ್ಟು ಮನೆಗೆ ತಂದಳು. ಮರುದಿನ ನನ್ನ ಬಟ್ಟೆ ಅಂಗಡಿಯಲ್ಲಿ ಊಟದ ಡಬ್ಬಿ ತೆಗೆದರೆ ಹಸಿಮಣ್ಣು, ಅದರಲ್ಲಿ ಏನೋ ಹೊರಳುತ್ತಿದೆ! ಮನೆಯಲ್ಲಿ ಒಂದೇ ಥರದ ಎರಡು ಡಬ್ಬಿ ಅದಲುಬದಲಾಗಿದ್ದವು. ನಾನು ಚೀರಿದ್ದಕ್ಕೆ ಸೀರೆ ನೋಡುತ್ತಿದ್ದ ಗಿರಾಕಿ ಓಡಿಯೇಹೋದರು. ಸಂಜೆ ಉಪವಾಸ ಮನೆಗೆ ಬಂದರೆ ಮಗಳು ಕೇಳಿದಳು: "ಅಪ್ಪಾ, ಹುಳಕ್ಕ ಊಟಕ್ಕ ಏನ್ ಕೊಟ್ಟಿ?"

ಥಳಕು

"ಹುಳ ಬ್ಯಾಡಂದ್ರ ಥಳಥಳ ಅನ್ನೂದೇನರ ಕಟ್ರಿ. ಸಣ್ಣ ಮೀನಂತ ತಿಳದು ಬರತಾವ," ಎಂದರು ಕಾಕಾ. ಮುಂದಿನ ರವಿವಾರ ಮಗಳು ತಾನೇ ಏನೋ ತಂದು ಕಟ್ಟಿ ದಾರ ನೀರಿಗೆ ಬಿಟ್ಟಿದ್ದಳು.

"ಏನ್ ಕಟ್ಟೀಯವಾ?"

"ಮಮ್ಮಿ ಬಂಗಾರದ ಝುಮಕಿ."

ಕಾಕಾರ ಬಾಯಲ್ಲಿದ್ದ ಬೀಡಿ ನೀರಿಗೆ ಬಿತ್ತು. ಮೀನು ಕಚ್ಚದಿರಲಪ್ಪಾ ಎಂದು ಅವರು ಅವರ ದೇವರನ್ನು, ನಾನು ನನ್ನ ದೇವರನ್ನು ಬೇಡುತ್ತ, ಇಬ್ಬರೂ ಸೇರಿ ಆ ದಾರ ಎಳೆದೆವು; ಝುಮಕಿ ಹಾಗೇ ಇತ್ತು.

ಹಿಟ್ಟು

ಕೊನೆಗೆ ಹಿಟ್ಟಿನ ಉಂಡೆಯೇ ವಾಸಿ ಎಂದಾಯಿತು. ಮಗಳು ನೇರವಾಗಿ ನನ್ನ ಅವ್ವನ ಹತ್ತಿರವೇ ಹೋದಳು: "ಆಯೀ, ಮೀನಿಗೆ ಹಾಕಾಕ ಹಿಟ್ಟು ನಾದಿ ಕೊಡು."

ಅವ್ವನ ಮುಖ ಅರಳಿತು. ಮೀನಿಗೆ ಹಿಟ್ಟು ಹಾಕುವುದೆಂದರೆ ಪುಣ್ಯದ ಕೆಲಸವಲ್ಲವೇ! ಬೆಲ್ಲ, ತುಪ್ಪ ಹಾಕಿ ನಾದಿದಳು. "ನಾನೂ ಬರತೇನಿ," ಎಂದು ಸ್ಕೂಟರ್ ಹತ್ತಿಯೇಬಿಟ್ಟಳು.

ಕೆರೆಯ ದಂಡೆಯಲ್ಲಿ ಅವ್ವ ಭಕ್ತಿಯಿಂದ ಉಂಡೆ ಎಸೆಯುತ್ತಿದ್ದಳು. ನಾನು ಗಾಳ ಬಚ್ಚಿಡುವುದರೊಳಗೆ ಮಗಳು ಹಾಕಿ, ಎಳೆದೂ ಆಗಿತ್ತು. ಅಂಗೈಯಗಲದ ಮೀನು ಹಾರಿ ಬಂದು ಸೀದಾ ಅವ್ವನ ಉಡಿಯಲ್ಲಿ ಬಿತ್ತು. "ತೋಬಾ ತೋಬಾ," ಎಂದು ಕಾಕಾ ಆ ಕಡೆ ತಿರುಗಿದರು.

ಅವ್ವ ಮೀನಿನ ಬಾಯಲ್ಲಿದ್ದ ತನ್ನ ಹಿಟ್ಟು ನೋಡಿದಳು, ನನ್ನನ್ನು ನೋಡಿದಳು. "ಬಿಡಸು," ಎಂದಳು. ಗಾಳ ಬಿಡಿಸಿದೆ. ಮೀನನ್ನು ತಾನೇ ನೀರಿಗೆ ಬಿಟ್ಟು ಕೈಮುಗಿದಳು. ಮುಗಿಯಿತು ನಮ್ಮ ಕಥೆ ಎಂದುಕೊಂಡೆ.

"ಹಿಟ್ಟು ತಿನಿಸಿದ್ದೊಂದು ಪುಣ್ಯಾ," ಅವ್ವ ನಿಧಾನವಾಗಿ ಹೇಳಿದಳು, "ಜೀವಾ ಉಳಿಸಿದ್ದು ಇನ್ನೊಂದು ಪುಣ್ಯಾ."

"ಹಂಗಾರ ಪಾಪ ಯಾರಿಗ ಯವ್ವಾ?" ಎಂದೆ.

"ಗಾಳಾ ತಂದವ ನೀನಲ್ಲೇನು?" ಎಂದವಳೇ ಮೊಮ್ಮಗಳ ಕೈಗೆ ಮತ್ತೊಂದು ಉಂಡೆ ಇಟ್ಟಳು. "ಹೂಂ, ಲಗೂನ ಇನ್ನೊಂದು ಹಿಡಿಯವಾ!"