ಎದುರು ಅಂಗಡಿಯ ತೊಟ್ಟಿಲು

ಗೂಡಲೂರಿನಿಂದ ದೇವಾಲಕ್ಕೆ ಹೋಗುವ ರಸ್ತೆಯ ಇಳಿಜಾರಿನಲ್ಲಿ ಟಯರ್ ಅಂಗಡಿ ಇಟ್ಟುಕೊಂಡವನಿಗೆ ತಮಾಷೆಯ ಪ್ರಸಂಗಗಳಿಗೇನೂ ಬರವಿಲ್ಲ. ಆದರೆ ಇತ್ತೀಚೆಗೆ ಪ್ರಸಂಗ ನನ್ನದು, ನಗುವವರು ಊರವರು ಎಂಬಂತಾಗಿದೆ. ಇದಕ್ಕೆಲ್ಲ ಕಾರಣ ಎದುರು ಅಂಗಡಿಯವನು. ಮನುಷ್ಯ ಒಳ್ಳೆಯವನೇ. ನನಗೆ ಸಹಿಸಲಾಗದಿರುವುದೂ ಅದೇ.

೧. ಇಸ್ತ್ರಿ ಕೆಡದ ಅಂಗಿ

ಒಂದು ದಿನ ಅವನ ಅಂಗಡಿಯ ಮುಂದೆ ಜನ ಸೇರಿದ್ದರು. ಏನೆಂದು ಇಣುಕಿದರೆ ಕೊಯಮತ್ತೂರಿನಿಂದ ಹೊಸ ಸಾಮಾನು ಬಂದಿತ್ತು. ನೆಲದ ಮೇಲೆ ಉರುಳಿಸಿಕೊಂಡು ಹೋಗುವ ಜಾಕ್ ಇರುತ್ತದಲ್ಲ, ಅದರ ತಲೆಯ ಮೇಲೆ ಕೂರಿಸುವ ಕಬ್ಬಿಣದ ಸಲಕರಣೆ. ಎರಡು ಉದ್ದದ ತೋಳು, ತೋಳಿಗೊಂದು ಉರುಳೆ. ಬಿಚ್ಚಿದ ಚಕ್ರವನ್ನು ಅದರ ಮೇಲಿಟ್ಟು ಹಿಡಿ ಒತ್ತಿದರೆ ಚಕ್ರ ತಾನಾಗಿ ಮೇಲೇರುತ್ತದೆ. ಬೆರಳಲ್ಲಿ ತಿರುಗಿಸಿದರೆ ಬೋಲ್ಟಿಗೆ ತೂತು ಸರಿಯಾಗಿ ಕೂರುತ್ತದೆ. ನೋಡಿದವರೆಲ್ಲ ಅದಕ್ಕೆ ತೊಟ್ಟಿಲು ಎಂದು ಹೆಸರಿಟ್ಟರು.

ನನ್ನದು ಹಳೆಯ ಪದ್ಧತಿ. ನೆಲಕ್ಕೆ ಕೂತು, ಚಕ್ರವನ್ನು ಪಾದಗಳ ಮೇಲೆ ಹತ್ತಿಸಿಕೊಂಡು, ಮೊಣಕಾಲಿನಿಂದ ಎತ್ತಿ ಕೂರಿಸುವುದು. ಲಾರಿ ಚಕ್ರವನ್ನೂ ಒಬ್ಬನೇ ಏರಿಸುತ್ತಾನೆ ಎಂದು ಈ ರಸ್ತೆಯಲ್ಲಿ ನನಗೆ ಹೆಸರಿತ್ತು. ಆ ಹೆಸರಿಗೇ ಬೆಳೆಗಾರರ ಚಹಾ ಎಲೆಯ ಲಾರಿ ಇಷ್ಟು ವರ್ಷ ನನ್ನ ಅಂಗಡಿ ಬಿಟ್ಟು ಕದಲಿರಲಿಲ್ಲ. ಆ ಲಾರಿ ಕೈತಪ್ಪಿದರೆ ನಾನು ಅಂಗಡಿ ಮುಚ್ಚುವುದೇ ಸೈ. ಅದರ ಡ್ರೈವರ್ ಅಂದು ಎದುರು ಅಂಗಡಿಯಲ್ಲಿ ಬಾಯಿಬಿಟ್ಟುಕೊಂಡು ನಿಂತಿದ್ದ. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಮನೆಗೆ ಬಂದರೆ ಹೆಂಡತಿಯದೂ ಅದೇ ರಾಗ. ಅವನು ನಿಂತುಕೊಂಡೇ ಕೆಲಸ ಮಾಡುತ್ತಾನಂತೆ, ಸಂಜೆಯಾದರೂ ಅಂಗಿಯ ಇಸ್ತ್ರಿ ಕೆಟ್ಟಿರುವುದಿಲ್ಲವಂತೆ. ಮಾರನೆಯ ದಿನ ನಾನೂ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೋದೆ. ಸಂಜೆ ಅದನ್ನು ಒಗೆಯಲು ತೆಗೆದುಕೊಂಡ ಹೆಂಡತಿ ಎದೆಯ ಭಾಗವನ್ನು ಬೆಳಕಿಗೆ ಹಿಡಿದು ನೋಡಿದಳು. "ಇಸ್ತ್ರಿ ಮಾಡಿದ್ದು ಒಳ್ಳೇದೇ ಆಯ್ತು, ಟಯರ್ ಕಂಪನಿ ಹೆಸರು ಓದೋ ಹಾಗೆ ಮೂಡಿದೆ" ಎಂದಳು.

೨. ಸ್ಪ್ಯಾನರ್ ಸಾಲ

ತೊಟ್ಟಿಲನ್ನು ಹತ್ತಿರದಿಂದ ನೋಡಬೇಕು, ಆದರೆ ನೋಡಲು ಹೋದೆ ಎಂದು ಅವನಿಗೆ ಅನ್ನಿಸಬಾರದು. ಅದಕ್ಕೆ ಹತ್ತೊಂಬತ್ತನೇ ನಂಬರಿನ ಸ್ಪ್ಯಾನರ್ ಕೇಳುವ ನೆಪ ಮಾಡಿಕೊಂಡು ಹೋದೆ. ಅವನು ಸ್ಪ್ಯಾನರ್ ಕೊಟ್ಟ, ಕುರ್ಚಿ ಕೊಟ್ಟ, ಚಹಾ ತರಿಸಿದ. ನಾನು ಓರೆಗಣ್ಣಿನಲ್ಲಿ ಅಳೆಯುತ್ತಿದ್ದುದನ್ನು ಕಂಡು ತೊಟ್ಟಿಲನ್ನೇ ನನ್ನ ಮುಂದೆ ಎಳೆದು ತಂದು, ಉರುಳೆಯನ್ನು ಹೇಗೆ ಕೂರಿಸಿದ್ದಾರೆಂದು ವಿವರಿಸಿದ. ಬೇಕಾದಾಗ ಒಯ್ಯಿರಿ ಎಂದೂ ಹೇಳಿದ. ಇಂಥ ಒಳ್ಳೆಯತನದ ಮುಂದೆ ನೆಟ್ಟಗೆ ಹೊಟ್ಟೆಕಿಚ್ಚು ಪಡಲೂ ಆಗುವುದಿಲ್ಲ. ಚಹಾ ಬೇರೆ ಚೆನ್ನಾಗಿತ್ತು.

ಮರುದಿನ ಸ್ಪ್ಯಾನರ್ ಹಿಂದಿರುಗಿಸಲು ಹೋದಾಗ ಅವನು ಮುಗುಳ್ನಕ್ಕ. ಬೆಳಿಗ್ಗೆ ನೀರು ಹಿಡಿಯುವಲ್ಲಿ ನನ್ನ ಹೆಂಡತಿ ಅವನ ಹೆಂಡತಿಗೆ ಎಲ್ಲ ಹೇಳಿಬಿಟ್ಟಿದ್ದಳು. "ಅಣ್ಣಾ, ಹತ್ತೊಂಬತ್ತರದ್ದು ನಿಮ್ಮ ಹತ್ರ ಮೂರು ಇದೆಯಂತೆ. ನಂದು ಇರೋದು ಒಂದೇ. ಇನ್ನು ಮೇಲೆ ಬೇಕಾದ್ರೆ ನಾನೇ ಬರ್ತೀನಿ."

೩. ಮಂಚದ ತೊಟ್ಟಿಲು

ಅವನದನ್ನು ಸಾಲ ತರುವ ಬದಲು ನಾನೇ ಒಂದು ಮಾಡಿಕೊಂಡೆ. ಅತ್ತೆ ಕೊಟ್ಟ ಹಳೆಯ ಕಬ್ಬಿಣದ ಮಂಚದ ಕಾಲು ಕತ್ತರಿಸಿ ತೋಳು ಮಾಡಿ, ನನ್ನ ಜಾಕಿನ ತಲೆಗೆ ಕೂರಿಸಿದೆ. ಉರುಳೆ ಸಿಗಲಿಲ್ಲ, ಅಡುಗೆಮನೆಯ ಎರಡು ಲಟ್ಟಣಿಗೆ ಸಿಕ್ಕವು. ಬಣ್ಣ ಮಾತ್ರ ಅವನದಕ್ಕಿಂತ ಚೆನ್ನಾಗಿ ಬಳಿದೆ.

ಮೊದಲು ಬಂದದ್ದು ಎಸ್ಟೇಟಿನ ಜೀಪು. ಎದುರಿನವನು ನೋಡಲಿ ಎಂದು ಚಕ್ರವನ್ನು ತೊಟ್ಟಿಲಿಗೇರಿಸಿ, ಗಟ್ಟಿಯಾಗಿ ಕೆಮ್ಮಿ, ಹಿಡಿ ಒತ್ತಿದೆ. ಚಕ್ರ ಮೇಲೇರಿತು. ಆದರೆ ಲಟ್ಟಣಿಗೆಗಳು ನಾನೆಣಿಸಿದ್ದಕ್ಕಿಂತ ಸಲೀಸಾಗಿ ತಿರುಗಿದವು. ಚಕ್ರ ಜಾರಿ ನೆಲಕ್ಕಿಳಿದು, ಇಳಿಜಾರು ಹಿಡಿದು, ರಸ್ತೆ ದಾಟಿ, ನೇರ ಎದುರು ಅಂಗಡಿಯೊಳಗೆ ಹೋಯಿತು. ಹಿಂದೆಯೇ ಜೀಪಿನವನೂ ಹೋದ. ನಾನು ತಲುಪುವಷ್ಟರಲ್ಲಿ ಎದುರಿನವನು ಚಕ್ರವನ್ನು ಗೋಡೆಗೆ ಒರಗಿಸಿ ಕೈ ಒರೆಸಿಕೊಳ್ಳುತ್ತಿದ್ದ.

"ಅಣ್ಣಾ, ಕೈತುಂಬ ಕೆಲಸ ಇದ್ರೆ ಒಂದು ಮಾತು ಹೇಳಿ ಕಳಿಸಿ" ಎಂದ. "ಚಕ್ರ ಒಂದನ್ನೇ ಕಳಿಸಿದ್ರೆ ಯಾರದು ಅಂತ ಹೇಗೆ ಗೊತ್ತಾಗ್ಬೇಕು?"

೪. ಆಯುಧಪೂಜೆ

ನಮ್ಮ ಕಡೆ ಆಯುಧಪೂಜೆಯ ದಿನ ಸಾಮಾನುಗಳನ್ನೆಲ್ಲ ತೊಳೆದು, ವಿಭೂತಿ ಕುಂಕುಮ ಹಚ್ಚಿ, ದೇವಿಯ ಪಟದ ಮುಂದಿಟ್ಟರೆ ಮರುದಿನ ಬೆಳಗಿನವರೆಗೆ ಮುಟ್ಟುವ ಹಾಗಿಲ್ಲ. ಎದುರಿನವನು ತೊಟ್ಟಿಲಿಗೆ ಚೆಂಡುಹೂವಿನ ದಪ್ಪ ಹಾರ ಹಾಕಿ, ದೇವಿಗೂ ಮುಂದೆ ಕಾಣುವಂತೆ ಇಟ್ಟಿದ್ದ. ಕಡಲೆಪುರಿ ತಿನ್ನಲು ಕರೆದಿದ್ದನಾದ್ದರಿಂದ ಹೋಗಿ ತಿನ್ನುತ್ತಿದ್ದೆ. ರುಚಿಸಲಿಲ್ಲ.

ಆಗ ಎಲೆ ಲಾರಿ ಬಂದು ಅಲ್ಲೇ ನಿಂತಿತು. ಮುಂದಿನ ಚಕ್ರ ಪಂಕ್ಚರ್. ಡ್ರೈವರ್ ದೇವಾಲದ ಮಲಯಾಳಿ, ಕಂಗಾಲಾಗಿದ್ದ. "ಚೇಟ್ಟಾ, ಮಧ್ಯಾಹ್ನಕ್ಕೆ ಪೂಜೆ ಅಂತ ಫ್ಯಾಕ್ಟರಿ ಬಾಗಿಲು ಹಾಕ್ತಾರೆ. ಲೇಟಾದ್ರೆ ಎಲೆ ಎಲ್ಲಾ ಮೂಟೆಯಲ್ಲೇ ಬಿಸಿಯೇರಿ ಹಾಳಾಗುತ್ತೆ" ಎಂದ. ಫ್ಯಾಕ್ಟರಿಗೆ ಹೋಗಿಯೇ ಪೂಜೆ ಮಾಡಬೇಕೆಂದಿದ್ದ ಅವನ ಜಾಕು, ಸ್ಪ್ಯಾನರ್ ಇನ್ನೂ ಮುಟ್ಟುವಂತಿದ್ದವು. ಚಕ್ರ ಎತ್ತುವವರು ಬೇಕಿತ್ತು. ಎದುರಿನವನು ಹಾರ ಹಾಕಿದ ತೊಟ್ಟಿಲನ್ನೂ ಡ್ರೈವರನ್ನೂ ನೋಡಿ ಕೈ ಹಿಸುಕಿಕೊಂಡ.

ಆ ಕ್ಷಣಕ್ಕಾಗಿ ನಾನು ಎಷ್ಟು ಕಾದಿದ್ದೆನೋ. ಬಾಯಲ್ಲಿದ್ದ ಕಡಲೆಪುರಿ ಈಗ ಸಿಹಿಯಾಯಿತು. "ನನ್ನ ಕೈಕಾಲಿಗೆ ಇನ್ನೂ ಪೂಜೆ ಆಗಿಲ್ಲ" ಎಂದು ಪಂಚೆ ಎತ್ತಿ ಕಟ್ಟಿ ನೆಲಕ್ಕೆ ಕೂತೆ. ಡ್ರೈವರ್ ಜಾಕು ಕೊಟ್ಟು ಪಂಕ್ಚರಾದ ಚಕ್ರ ಬಿಚ್ಚಿದ ಮೇಲೆ ಸ್ಟೆಪ್ನಿಯನ್ನು ಪಾದಕ್ಕೆ ಹತ್ತಿಸಿಕೊಂಡು ಮೊಣಕಾಲು ಕೊಟ್ಟು ಎತ್ತಿದೆ. ತೂತುಗಳು ಒಂದೇ ಸಲಕ್ಕೆ ಬೋಲ್ಟಿಗೆ ಕೂತವು. ಎದುರಿನವನೇ ಭೇಷ್ ಎಂದ. ಡ್ರೈವರ್ ನಟ್ಟು ಬಿಗಿದು ಲಾರಿ ಇಳಿಸಿದ.

ಎಲ್ಲರೂ ಎದ್ದರು, ನಾನು ಏಳಲಿಲ್ಲ. ಸೊಂಟ ಹಿಡಿದುಬಿಟ್ಟಿತ್ತು. ಡ್ರೈವರ್ ಎಂಜಿನ್ ಹಚ್ಚಿ ಹಾರ್ನ್ ಮಾಡಿದ. ನಾನು ಕೂತಿದ್ದುದು ಚಕ್ರದ ಮುಂದೆಯೇ. ಇಬ್ಬರು ರಟ್ಟೆ ಹಿಡಿದು ಎಬ್ಬಿಸಲು ನೋಡಿದರು, ನನ್ನ ಕೂಗಿಗೆ ಹೆದರಿ ಬಿಟ್ಟರು. ಮೇಲೆ ಎಲೆ ಬಿಸಿಯಾಗುತ್ತಿತ್ತು, ಕೆಳಗೆ ನಾನು.

ಎದುರಿನವನು ಒಳಗೆ ಹೋಗಿ ದೇವಿಗೆ ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡ. ಹಾರ, ಕುಂಕುಮ ಸಮೇತ ತೊಟ್ಟಿಲನ್ನು ಉರುಳಿಸಿಕೊಂಡು ಬಂದ. ಎರಡು ತೋಳು ನನ್ನ ಕೆಳಗೆ ತೂರಿಸಿ ಹಿಡಿ ಒತ್ತಿದ. ಕೂತ ಭಂಗಿಯಲ್ಲೇ ನಾನು ಮೇಲೇರಿದೆ, ಒಂದಿಷ್ಟೂ ನೋಯಲಿಲ್ಲ. ಆ ನಯ ಕಂಡು ಸೊಂಟದ ನೋವಿಗಿಂತ ಹೊಟ್ಟೆಯ ಉರಿಯೇ ಹೆಚ್ಚಾಯಿತು.

ದಾರಿ ಬಿಟ್ಟ ಮೇಲೆ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. "ಚೇಟ್ಟಾ, ಚಕ್ರ ಏರಿಸಿದ್ದು ನೀವೇ, ನಾನು ಮರೆಯಲ್ಲ. ಆದ್ರೆ ಇನ್ನು ಮೇಲೆ ಈ ಅಂಗಡಿಗೇ ಬರ್ತೀನಿ. ಕೊನೆಗೆ ನಿಮ್ಮನ್ನ ಎತ್ತೋಕೂ ಇದೇ ಬೇಕಾಯ್ತಲ್ಲ" ಎಂದು ಹೊರಟುಹೋದ.

ಎದುರಿನವನು ನನ್ನನ್ನು ಹಾಗೇ ಉರುಳಿಸಿಕೊಂಡು ರಸ್ತೆ ದಾಟಿಸಿ ನನ್ನ ಅಂಗಡಿಯ ಹಿಂದಿನ ಮನೆಯ ಮುಂದೆ ತಂದ. ತೊಟ್ಟಿಲ ಹಾರ ನನ್ನ ಮಡಿಲಲ್ಲಿ ಬಿದ್ದಿತ್ತು, ಕುಂಕುಮ ಪಂಚೆಗೆಲ್ಲ ಹತ್ತಿತ್ತು. ಹೆಂಡತಿ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಇಳಿಸಿ ಒಳಗೆ ಮಲಗಿಸಲೇ ಎಂದು ಅವನು ಕೇಳಿದ.

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಣೆಗೆ ಒಂದು ಬೊಟ್ಟಿಟ್ಟಳು.

"ಪೂಜೆ ಆಗಿದೆ. ನಾಳೆ ಬೆಳಿಗ್ಗೆವರೆಗೆ ಮುಟ್ಟೋ ಹಾಗಿಲ್ಲ."