ಬಂಡಳ್ಳಿಯಲ್ಲಿ ಕೈಗುಣದ ಪರೀಕ್ಷೆ

ಎದುರಿಗೆ ಸಿಕ್ಕವರನ್ನೆಲ್ಲ ‘ಒಂದ್ಸಲ ನಮ್ಮೂರ ಕಡೆ ಬನ್ನಿ’ ಎಂದು ಕರೆಯುವುದು ನಮ್ಮ ಜನರ ಅಭ್ಯಾಸ. ಕರೆದವರು ಮರೆಯುತ್ತಾರೆ, ಕರೆಸಿಕೊಂಡವರೂ ಮರೆಯುತ್ತಾರೆ, ಯಾರಿಗೂ ತೊಂದರೆಯಿಲ್ಲ. ಕೊಳ್ಳೇಗಾಲದ ಡಾಕ್ಟರ್ ಷಡಕ್ಷರಿಯವರು ಮಾತ್ರ ಮರೆಯಲಿಲ್ಲ. ರೇಷ್ಮೆಗೂಡು ಮಾರಲು ಬಂದಿದ್ದ ಬಂಡಳ್ಳಿಯ ಜಡೇಸ್ವಾಮಿ ಹೋಟೆಲಿನಲ್ಲಿ ಅವರ ಎದುರಿಗೆ ಕೂತು ಇಡ್ಲಿ ತಿನ್ನುತ್ತಾ, ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವೆಂದು, “ನಮ್ಮೂರಲ್ಲಿ ಒಬ್ಬ ಡಾಕ್ಟ್ರಿಲ್ಲ ಸಾ. ನಿಮ್ಮಂತೋರು ಬಂದ್ರೆ ಪುಣ್ಯ ಬತ್ತದ” ಎಂದಿದ್ದ. ಎಂದವನು ಕೈ ತೊಳೆದುಕೊಂಡು ಹೋದ. ಅದೇ ಭಾನುವಾರ ಬೆಳಗ್ಗೆ ಡಾಕ್ಟರು ಔಷಧಿಯ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದರು.

ಅವರನ್ನು ಬಲ್ಲವರು ಇದರಲ್ಲಿ ಆಶ್ಚರ್ಯಪಡುವುದೇನೂ ಇರಲಿಲ್ಲ. ಆದರೆ ಅವರನ್ನು ಬಲ್ಲವರು ಯಾರಿದ್ದರು? ಷಡಕ್ಷರಿ ತಮ್ಮ ವಯಸ್ಸಿನ ಒಳ್ಳೆಯ ಭಾಗವನ್ನೆಲ್ಲ ಪೂರ್ವ ಆಫ್ರಿಕಾದ ಕಾಡಂಚಿನ ಒಂದು ಆಸ್ಪತ್ರೆಯಲ್ಲಿ ಸಂಬಳವಿಲ್ಲದೆ ಕಳೆದು ಬಂದಿದ್ದರು. ಮದುವೆಯ ಮಾತು ಬಂದಾಗಲೆಲ್ಲ ಯಾರಿಗೋ ಜ್ವರ ಬಂದಿರುತ್ತಿತ್ತು. ಅಲ್ಲಿ ಬೆಳಗಾದರೆ ಬಾಗಿಲ ಮುಂದೆ ಜನ ಕೂತಿರುತ್ತಿದ್ದರು. ಹೆಗಲ ಮೇಲೆ ಮಕ್ಕಳನ್ನು ಹೊತ್ತು ನಡೆದು ಬಂದಿರುತ್ತಿದ್ದರು. ಕೊಳ್ಳೇಗಾಲದಲ್ಲಿ ಡಾಕ್ಟರುಗಳಿಗೆ ಬರವಿರಲಿಲ್ಲ. ಇಲ್ಲಿ ಅವರ ಬಾಗಿಲಿಗೆ ಬರುತ್ತಿದ್ದವನು ಹಾಲಿನವನೊಬ್ಬ. ಅವನೂ ಇತ್ತೀಚೆಗೆ ‘ಪಾತ್ರೆ ಹೊರಗೇ ಇಟ್ಬಿಡಿ ಸಾ’ ಎಂದು ಮುಖ ತೋರಿಸುವುದನ್ನು ಬಿಟ್ಟಿದ್ದ. ಮಗ್ಗದ ಬೀದಿಯ ಆ ಬಾಡಿಗೆ ಮನೆಯಲ್ಲಿ ಅಕ್ಕಪಕ್ಕದ ಮಗ್ಗಗಳು ಲಟಕ್ ಲಟಕ್ ಎನ್ನುವಷ್ಟು ಹೊತ್ತು ಹೇಗೋ ಕಳೆಯುತ್ತಿತ್ತು. ಭಾನುವಾರ ಅವೂ ಸುಮ್ಮನಾದರೆ ಡಾಕ್ಟರಿಗೆ ತಮ್ಮ ಎದೆಬಡಿತವನ್ನೇ ಸ್ಟೆತಾಸ್ಕೋಪಿನಲ್ಲಿ ಕೇಳಿಕೊಂಡು ಕೂರುವ ಗತಿ. ಯಾರಿಗಾದರೂ ತಾನು ಬೇಕಾಗಬೇಕು ಎನ್ನುವುದೊಂದೇ ಅವರ ಆಸೆ. ಅದಕ್ಕಾಗಿ ಅವರು ಬಂಡಳ್ಳಿಗೇನು, ತಮಿಳುನಾಡಿನ ಗಡಿಯ ಪಾಲಾರ್ ದಾಟಿ ಕೂಡ ಹೋಗುತ್ತಿದ್ದರು.

ಬಸ್ಸಿಳಿದ ಡಾಕ್ಟರನ್ನು ಕಂಡು ಜಡೇಸ್ವಾಮಿಗೆ ಎದೆ ಧಸಕ್ಕೆಂದಿತು. ಆದರೂ ಮಾನಸ್ಥ, ಪಕ್ಕದ ಮನೆಯ ಚಿಕ್ಕಮಾದಮ್ಮನ ಜಗಲಿ ಗುಡಿಸಿ, ಕಂಬಳಿ ಹಾಸಿ ಕೂರಿಸಿದ. ಪುಕ್ಕಟೆ ಔಷಧಿಯ ಸುದ್ದಿ ಮಜ್ಜಿಗೆ ಕಡೆಯುವಷ್ಟರಲ್ಲಿ ಊರೆಲ್ಲ ಮುಟ್ಟಿತು. ಜಗಲಿಯ ಮುಂದೆ ಜನ ನೆರೆದರು. ಆಫ್ರಿಕಾ ಬಿಟ್ಟ ಮೇಲೆ ಅಷ್ಟು ಮುಖಗಳು ಒಟ್ಟಿಗೆ ಡಾಕ್ಟರನ್ನು ನೋಡಿದ್ದು ಅದೇ ಮೊದಲು.

“ಬನ್ನಿ, ಯಾರು ಮೊದಲು?” ಎಂದರು.

ಯಾರೂ ಅಲ್ಲಾಡಲಿಲ್ಲ.

“ಸೋಮಮ್ಮಂಗೆ ಬೆನ್ನಲ್ಲಿ ಕುರು ಎದ್ದದ ಸಾ” ಎಂದ ಜಡೇಸ್ವಾಮಿ.

“ನನ್ ಕುರು ನಂಗಿರ್ಲಿ, ನಿನ್ ಹಲ್ ತೋರ್ಸು” ಎಂದಳು ಸೋಮಮ್ಮ. “ರಾತ್ರಿಯೆಲ್ಲ ಬಡ್ಕತಿದ್ಯಲ್ಲ.”

“ನಂದೇನು ಅವಸ್ರ? ಎಂಗಸ್ರು ಮೊದ್ಲು.”

ಕೊನೆಗೆ ವಿಷಯವನ್ನು ಬಿಡಿಸಿ ಹೇಳಿದವಳು ಮನೆಯೊಡತಿ ಚಿಕ್ಕಮಾದಮ್ಮ. ಬೊಚ್ಚುಬಾಯಿಯ ಮುದುಕಿ, ಮಂಡಿನೋವಿನವಳು, ಊರಿಗೆಲ್ಲ ಬುದ್ಧಿ ಹೇಳುವವಳು. “ತಪ್ಪು ತಿಳ್ಕಬ್ಯಾಡಿ ಸಾ. ಔಷ್ದಿ ಯಾರ್ ಕೊಟ್ರೂ ಒಂದೇಯ. ಕೈಗುಣ ಬೇಕಲ್ಲ? ನಿಮ್ ಕೈಗುಣ ನಾವು ಕಂಡಿಲ್ಲ. ಒಬ್ರಿಗೆ ವಾಸಿಯಾಗೋದ್ನ ಕಣ್ಣಾರ ನೋಡ್ಬುಟ್ರೆ ಆಮೇಕೆ ಊರ್ಗೆ ಊರೇ ಬತ್ತದ.”

“ಆಫ್ರಿಕಾದಲ್ಲಿ ಸಾವಿರಾರು ಜನಕ್ಕೆ ವಾಸಿ ಮಾಡಿದ್ದೀನಿ ತಾಯಿ!”

“ಮಾಡಿರ್ತೀರ. ಅವ್ರು ಬಂದು ಯೋಳ್ತಾರ?” ಎಂದಳು ಮುದುಕಿ. ಜನ ಹೌದೌದೆಂದು ತಲೆಯಾಡಿಸಿದರು. ಆಫ್ರಿಕಾದಿಂದ ಬರುವಾಗ ಅತ್ತವರ ನೆನಪಾಗಿ ಡಾಕ್ಟರು ಸ್ಟೆತಾಸ್ಕೋಪನ್ನು ಒರೆಸತೊಡಗಿದರು.

ಊರಿನವರೇನೂ ಕಲ್ಲುಮನಸ್ಸಿನವರಲ್ಲ. ಡಾಕ್ಟರಿಗೆ ಒಬ್ಬ ಮೊದಲನೆಯ ರೋಗಿಯನ್ನು ಹುಡುಕಿಕೊಡಬೇಕೆಂದು ಅಲ್ಲೇ ಪಂಚಾಯಿತಿಗೆ ಕೂತರು. ಮೇಕೆಯ ಮೇಲೆ ನೋಡಬಹುದೆಂದರು ಕೆಲವರು. ಮೇಕೆಯ ಯಜಮಾನ ಒಪ್ಪಲಿಲ್ಲ. ಕೊನೆಗೆ ಎಲ್ಲರ ಕಣ್ಣೂ ಬೇಲಿಯ ಪಕ್ಕ ಕೆಮ್ಮುತ್ತಾ ನಿಂತಿದ್ದ ನಿಂಗಯ್ಯನ ಮೇಲೆ ಬಿತ್ತು. ಊರಿನಲ್ಲೇ ಹಳಬ. ಮಕ್ಕಳು ಮೊಮ್ಮಕ್ಕಳು ಎಲ್ಲ ಒಂದು ನೆಲೆ ಕಂಡಿದ್ದರು.

“ನಿಂಗಯ್ಯಣ್ಣನೇ ಆಗ್ಲಿ” ಎಂದ ಜಡೇಸ್ವಾಮಿ. “ವಾಸಿಯಾದ್ರೆ ಕೈಗುಣ ಗೊತ್ತಾಯ್ತದ. ಎಚ್ಚುಕಮ್ಮಿ ಆದ್ರೂ ಊರು ಕೆಟ್ಟೋಗಲ್ಲ.”

“ಯಾಕ್ಲಾ, ನಾನು ಬದುಕಿರಾದು ನಿಂಗೆ ಭಾರ ಆಯ್ತಾ?” ಎಂದು ನಿಂಗಯ್ಯ ಕೆರಳಿದ. “ನಂಗೇನ್ಲಾ ಆಗಿರಾದು? ಕಲ್ಗುಂಡಿದ್ದಂಗಿವ್ನಿ!” ಅಷ್ಟು ಹೇಳುವಷ್ಟರಲ್ಲಿ ಮತ್ತೆ ಕೆಮ್ಮು ಬಂತು.

ಒಳ್ಳೆಯ ಕೆಮ್ಮು. ಅದರ ದನಿಯಲ್ಲೇ ಡಾಕ್ಟರಿಗೆ ಕಾಯಿಲೆ ಯಾವುದು, ಔಷಧಿ ಯಾವುದು ಎಲ್ಲ ಗೊತ್ತಾಗಿಹೋಯಿತು. “ಒಂದೇ ಒಂದು ಸಲ ಎದೆ ನೋಡ್ತೀನಿ ಯಜಮಾನ್ರೇ” ಎಂದು ಸ್ಟೆತಾಸ್ಕೋಪು ಹಿಡಿದು ಜಗಲಿಯಿಂದ ಇಳಿದರು. ನಿಂಗಯ್ಯ ಹಿಂದಕ್ಕೆ ಸರಿದ. ಇವರು ಮುಂದೆ ಹೋದರು. ನಿಂಗಯ್ಯ ಓಡಿದ. ಇವರೂ ಓಡಿದರು, ಎಷ್ಟೋ ದಿನಗಳ ಮೇಲೆ ಸಿಕ್ಕ ರೋಗಿಯನ್ನು ಯಾರು ತಾನೇ ಬಿಟ್ಟಾರು? ಹಿತ್ತಲಿನಲ್ಲಿ ಹುಲ್ಲಿನ ಮೆದೆಗೆ ಏಣಿ ಒರಗಿಸಿತ್ತು. ನಿಂಗಯ್ಯ ಪಂಚೆ ಎತ್ತಿಕಟ್ಟಿ ಅಳಿಲಿನಂತೆ ಏರಿ ನೆತ್ತಿಯ ಮೇಲೆ ಕೂತ. ಡಾಕ್ಟರು ‘ಉಸಿರು ಎಳ್ಕೊಳ್ಳಿ, ಉಸಿರು ಎಳ್ಕೊಳ್ಳಿ’ ಎನ್ನುತ್ತಾ ಹಿಂದೆಯೇ ಏರಿದರು. ಏಣಿ ನಿಂಗಯ್ಯನಂಥ ಹಗುರ ಆಳಿನ ಭಾರಕ್ಕೆ ಕಟ್ಟಿದ್ದು. ಅದು ಪಕ್ಕಕ್ಕೆ ವಾಲಿತು, ಡಾಕ್ಟರು ಬಲಗೈ ಊರಿ ನೆಲಕ್ಕೆ ಬಿದ್ದರು. ಭುಜ ಕೀಲು ತಪ್ಪಿ ತೋಳು ಜೋಲಾಡಿತು.

ಜನ ಓಡಿ ಬಂದು ಸುತ್ತ ನಿಂತರು. ನೋವಿನಲ್ಲಿ ಹಲ್ಲು ಕಚ್ಚಿಕೊಂಡಿದ್ದ ಡಾಕ್ಟರಿಗೆ ಜಡೇಸ್ವಾಮಿಯ ಉತ್ಸಾಹದ ದನಿ ಕೇಳಿಸಿತು.

“ಸಿಕ್ತಲ್ಲ ಸಾ ಮೊದಲ್ನೇ ರೋಗಿ! ನಿಮ್ ಕೈನ ನೀವೇ ಕೂರಿಸ್ಕಳಿ, ನೋಡ್ಬುಡ್ವ!”

ಹುಚ್ಚು ಮಾತಾದರೂ ಡಾಕ್ಟರಿಗೆ ಅದು ಹಿಡಿಸಿತು. ಈ ಕೆಲಸವನ್ನು ಅವರು ಎಷ್ಟು ಜನಕ್ಕೆ ಮಾಡಿರಲಿಲ್ಲ! ಊರೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಬೇರೆಯವರ ಭುಜಕ್ಕೆ ಎರಡು ಕೈಯಿಂದ ಮಾಡುವುದನ್ನು ತಮ್ಮ ಭುಜಕ್ಕೆ ಎಡಗೈಯೊಂದರಿಂದಲೇ ಮಾಡಲು ಹೋದರು. ಮಂಡಿಯ ಮಧ್ಯೆ ಕೈ ಸಿಕ್ಕಿಸಿ ಎಳೆದರು. ಬೇವಿನ ಮರವನ್ನು ತಬ್ಬಿಕೊಂಡು ಎಳೆದರು. ಬೆವರು ಸುರಿಯಿತು, ಕಣ್ಣು ಕತ್ತಲೆ ಬಂತು, ಕೀಲು ಮಾತ್ರ ಕೂರಲಿಲ್ಲ.

“ಕೈಗುಣ ಇಲ್ಲಾ ಕನ” ಎಂದು ಮೆದೆಯ ಮೇಲಿನಿಂದ ನಿಂಗಯ್ಯ ತೀರ್ಪು ಕೊಟ್ಟ.

ಅದಾದ ಮೇಲೆ ಊರಿನವರ ಮರುಕಕ್ಕೆ ಮಿತಿಯಿಲ್ಲದಾಯಿತು. ಗಾಡಿ ಕಟ್ಟಿದರು, ಹುಲ್ಲು ಹಾಸಿದರು. ಹನೂರಿನಲ್ಲಿ ಯಾರೋ ಹೊಸ ಡಾಕ್ಟರು ಬಾಗಿಲು ತೆರೆದಿದ್ದಾರಂತೆ, ಅಲ್ಲಿಗೆ ಹೊಡಿ ಎಂದರು. ಮುಂದೆ ಒಂದು ಗಾಡಿ, ಹಿಂದೆ ಎರಡು; ಹಲ್ಲು ನೋವಿನವನು, ಕುರುವಿನವಳು, ಕೆಮ್ಮಿನವನು ಎಲ್ಲರೂ ಹತ್ತಿಕೊಂಡರು. ಚಿಕ್ಕಮಾದಮ್ಮ ಡಾಕ್ಟರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಲ್ಲಿ ಗಾಳಿ ಬೀಸಿದಳು. “ಒಸಿ ತಡ್ಕೊ ನನ್ ಮಗಾ, ಬಂದೇಬುಡ್ತು. ನಾವೆಲ್ಲ ಇಲ್ವಾ?” ಎಂದಳು.

ಮಗಾ! ಆ ಮಾತನ್ನು ಅವರ ತಾಯಿ ಸತ್ತ ಮೇಲೆ ಯಾರೂ ಆಡಿರಲಿಲ್ಲ. ಗಾಡಿ ಕುಲುಕಿದಾಗಲೆಲ್ಲ ಭುಜದಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ಆದರೂ ಡಾಕ್ಟರಿಗೆ ಹನೂರು ಇನ್ನೂ ಸ್ವಲ್ಪ ದೂರವಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಕೈಗುಣ ಇರಲಿ ಬಿಡಲಿ, ತನಗೂ ಜನ ಆದರಲ್ಲ ಎಂದು ಕಣ್ಣು ತುಂಬಿ ಬಂತು.

ಹನೂರಿನ ಹೊಸ ಡಾಕ್ಟರು ಮೀಸೆ ಆಗತಾನೇ ಗಟ್ಟಿಯಾಗುತ್ತಿದ್ದ ಹುಡುಗ. ನೊಣ ಹೊಡೆಯುತ್ತಾ ಕೂತಿದ್ದವನು ಮೂರು ಗಾಡಿ ಜನ ಕಂಡು ಎದ್ದು ನಿಂತ. ಅಂಗಡಿಯಷ್ಟಗಲದ ಆ ಕೋಣೆಗೆ ಊರೆಲ್ಲ ನುಗ್ಗಿತು. ನುಗ್ಗಲಾಗದವರು ಕಿಟಕಿಗೆ ಜೋತುಬಿದ್ದರು. ಹುಡುಗ ಷಡಕ್ಷರಿಯವರನ್ನು ಮಲಗಿಸಿ, ತೋಳು ಹಿಡಿದು, ಮೆಲ್ಲಗೆ ಎಳೆದು ತಿರುಗಿಸಿದ. ‘ಟಕ್’ ಎಂದಿತು. ಷಡಕ್ಷರಿಯವರ ಮುಖ ಆ ಕ್ಷಣವೇ ಅರಳಿತು. ನೋವು ಹಾರಿಹೋಗಿತ್ತು. ತೋಳಿಗೆ ಬಟ್ಟೆಯ ಜೋಲಿ ಕಟ್ಟಿ, ಹುಡುಗ ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ.

“ಅಬ್ಬಬ್ಬ! ಕೈಗುಣ ಅಂದ್ರೆ ಇದು ಕಣ್ಲಾ!” ಎಂದು ಒಳಗೆ ಜಡೇಸ್ವಾಮಿ ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

ಮೊದಲು ಬಾಯಿ ತೆರೆದವನು ಅವನೇ. ಅವನ ಹಿಂದೆ ಸೋಮಮ್ಮ ಬೆನ್ನು ತೋರಿಸಿದಳು. ಅವಳ ಹಿಂದೆ, ಅಂಗಿ ಬಿಚ್ಚಿಕೊಂಡು, ಯಾರೂ ಕರೆಯದೆ ನಿಂಗಯ್ಯ ನಿಂತಿದ್ದ. ಪುಕ್ಕಟೆಯಲ್ಲವೆಂದು ಹುಡುಗ ಹೇಳಿದ್ದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸಾಲು ಬಾಗಿಲು ದಾಟಿ ಬೀದಿಗೆ ಬಂತು. ಬೆಂಚಿನ ಮೇಲೆ ಷಡಕ್ಷರಿಯವರು ಒಬ್ಬರೇ ಕೂತಿದ್ದರು. ಕೊಳ್ಳೇಗಾಲದ ಬಸ್ಸಿಗೆ ಇನ್ನೂ ಹೊತ್ತಿತ್ತು. ಅವರಿಗೆ ನಗು ಬಂತು. ಯಾರಿಗಾದರೂ ಹೇಳಿಕೊಂಡು ನಗೋಣವೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ.

ಆಗ ಚಿಕ್ಕಮಾದಮ್ಮ ಸಾಲು ಬಿಟ್ಟು, ಮಂಡಿ ಹಿಡಿದುಕೊಂಡು, ಅವರತ್ತಲೇ ಬಂದಳು. ತನ್ನನ್ನು ಹುಡುಕಿಕೊಂಡು ಒಬ್ಬಳಾದರೂ ಬಂದಳಲ್ಲ ಎಂದು ಡಾಕ್ಟರಿಗೆ ಹಿಗ್ಗಾಯಿತು. ಕೈ ಹೇಗಿದೆ ಎಂದು ಕೇಳುತ್ತಾಳೆ, ಚೆನ್ನಾಗಿದೆ ತಾಯಿ ಎನ್ನಬೇಕು ಎಂದು ಮಾತನ್ನೂ ಸಿದ್ಧಮಾಡಿಕೊಂಡರು.

“ಸಾ,” ಎಂದಳು ಮುದುಕಿ, “ನಿಮ್ಗೆ ವಾಸಿಯಾಯ್ತಲ್ಲ, ಒಸಿ ಎದ್ದೇಳಿ. ಕಾಯಿಲೆಯೋರು ಕೂರ್ಬೇಕು.”